ಕೆಂಪೆಣ್ಣೆಯ ಲೆಕ್ಕ: ಮಂಗಳೂರಿನ ಆಟೊಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ಉಪಚಾರ

ಮಂಗಳೂರಿನ ಗ್ಯಾರೇಜುಗಳಲ್ಲಿ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಎಣ್ಣೆಯ ಮಾತು ತೆಗೆದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಸಿಗುತ್ತದೆ. ‘ಅದು ಲೈಫ್‌ಟೈಮ್ ಸರ್, ಮುಟ್ಟುವುದೇ ಬೇಡ’ ಎನ್ನುವುದು ಒಂದು. ‘ಲಕ್ಷ ಕಿಲೋಮೀಟರ್ ಓಡಿದ ಗಾಡಿ, ಈಗ ಎಣ್ಣೆ ಬದಲಿಸಿದರೆ ಗೇರ್ ಸ್ಲಿಪ್ ಆಗಲು ಶುರುವಾದೀತು’ ಎನ್ನುವುದು ಇನ್ನೊಂದು. ‘ಮೆಷಿನ್ ಹಾಕಿ ಪೂರ್ತಿ ಫ್ಲಶ್ ಮಾಡಿಬಿಡುವ’ ಎನ್ನುವುದು ಮೂರನೆಯದು. ಮೂರರಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಕರಾವಳಿಯ ಸೆಕೆಗೂ ಘಟ್ಟದ ಏರಿಗೂ ಇಟ್ಟು ನೋಡಿದರೆ ಮೂರೂ ಸೋಲುತ್ತವೆ.

ಎಟಿಎಫ್ ಎಂದು ಕರೆಯುವ ಈ ಎಣ್ಣೆಗೆ ಎಂಜಿನ್ ಆಯಿಲಿಗಿಂತ ಹೆಚ್ಚು ಕೆಲಸ. ಹಲ್ಲುಚಕ್ರಗಳಿಗೆ ಜಾರುಗುಣ ಕೊಡಬೇಕು, ಬಿಸಿಯನ್ನು ಹೊತ್ತು ಕೂಲರ್‌ಗೆ ಒಯ್ಯಬೇಕು, ವಾಲ್ವ್ ಬಾಡಿಯಲ್ಲಿ ಒತ್ತಡವಾಗಿ ನಿಂತು ಗೇರು ಬದಲಿಸಬೇಕು, ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ತಾನೇ ದಾಟಿಸಬೇಕು. ಎಲ್ಲಕ್ಕಿಂತ ಕಷ್ಟದ್ದು, ಕ್ಲಚ್ ಪ್ಲೇಟುಗಳು ಎಷ್ಟು ಜಾರಬೇಕು, ಎಲ್ಲಿ ಕಚ್ಚಬೇಕು ಎಂಬುದನ್ನು ಹದದಲ್ಲಿಡುವುದು. ಈ ಹದಕ್ಕೆಂದೇ ಅಮೆರಿಕದ ತಯಾರಕರು ಒಂದು ಕಾಲದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಲ್ಲಿನ ವನ್ಯಜೀವಿ ಕಾನೂನು ಅದನ್ನು ನಿಲ್ಲಿಸಿತು. ಬದಲಿ ರಾಸಾಯನಿಕ ಹುಡುಕುವುದು ಜನರಲ್ ಮೋಟರ್ಸ್‌ಗೆ ಅನಿವಾರ್ಯವಾಯಿತು. ಅಂದರೆ ಗೇರ್‌ಬಾಕ್ಸಿನ ನಡತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಣ್ಣೆಗೆ ಸೇರಿಸಿದ ರಾಸಾಯನಿಕ. ಬಿಸಿಗೆ ಮೊದಲು ಸವೆಯುವುದೂ ಅದೇ.

ಈಗ ‘ಲೈಫ್‌ಟೈಮ್’ ವಾದವನ್ನು ಪರೀಕ್ಷಿಸಬಹುದು. ಹ್ಯುಂಡೈಯ ಹಲವು ಮಾದರಿಗಳ ಕೈಪಿಡಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ತಪಾಸಣೆಯೂ ಬೇಡ, ಸರ್ವಿಸೂ ಬೇಡ ಎಂದು ಅಚ್ಚಾಗಿರುವುದು ನಿಜ. ಅದೇ ಕೈಪಿಡಿಯಲ್ಲಿ ಕೆಲವು ಪುಟ ಮುಂದೆ ಕಠಿಣ ಬಳಕೆಯ ಪಟ್ಟಿಯೂ ಇದೆ: 32 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಲ್ಲಿ ದಟ್ಟ ಸಂಚಾರದ ನಡುವೆ ಓಡಿಸುವುದು, ಮತ್ತೆಮತ್ತೆ ಸಣ್ಣ ದೂರ ಹೋಗಿಬರುವುದು, ಗುಡ್ಡದ ಏರಿಳಿತ. ಇಂಥ ಬಳಕೆಗೆ ಎಣ್ಣೆ ಬದಲಿಸಿ ಎಂದು ಕಂಪನಿಯೇ ಹೇಳುತ್ತದೆ. ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನ ನಂತೂರು ವೃತ್ತದಲ್ಲೋ ಕೂಳೂರು ಸೇತುವೆಯ ಮೇಲೋ ಸಾಲಿನಲ್ಲಿ ನಿಂತವರು, ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಏರುವವರು, ಬೆಂದೂರುವೆಲ್‌ನಿಂದ ಕದ್ರಿಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು ಎಲ್ಲರೂ ಈ ಪಟ್ಟಿಯೊಳಗೇ ಇದ್ದಾರೆ. ಮಂಗಳೂರಿನ ಮಟ್ಟಿಗೆ ಕಠಿಣ ಬಳಕೆಯೇ ಸಾಮಾನ್ಯ ಬಳಕೆ.

ಗೇರ್‌ಬಾಕ್ಸ್ ತಯಾರಕರ ಮಾತು ಇನ್ನೂ ಸ್ಪಷ್ಟ. ಬಿಎಂಡಬ್ಲ್ಯು ಮೊದಲಾದ ಕಾರುಗಳಿಗೆ ಎಂಟು ಗೇರಿನ ಪೆಟ್ಟಿಗೆ ಒದಗಿಸುವ ಜರ್ಮನಿಯ ಝಡ್‌ಎಫ್, ಕಾರು ಕಂಪನಿಗಳು ಲೈಫ್‌ಟೈಮ್ ಎಂದರೂ, ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರ್ ನಡುವೆ ಅಥವಾ ಎಂಟು ವರ್ಷದೊಳಗೆ ಎಣ್ಣೆ ಬದಲಿಸಲು ಹೇಳುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ ಆರು ಗೇರಿನ ಡಿಎಸ್‌ಜಿ ಎಂಬ ಎರಡು ಕ್ಲಚ್‌ನ ಪೆಟ್ಟಿಗೆಗೆ 60,000 ಕಿಲೋಮೀಟರಿನ ಗಡುವು ಇಟ್ಟಿದೆ.

ಇನ್ನು ಘಟ್ಟ. ಮಂಗಳೂರಿನವರಿಗೆ ಬೆಂಗಳೂರೆಂದರೆ ಶಿರಾಡಿ, ಮಡಿಕೇರಿಯೆಂದರೆ ಸಂಪಾಜೆ, ಮೂಡಿಗೆರೆಯೆಂದರೆ ಚಾರ್ಮಾಡಿ, ತೀರ್ಥಹಳ್ಳಿಯೆಂದರೆ ಆಗುಂಬೆಯ ತಿರುವುಗಳು. ಕಡಲ ಮಟ್ಟದಿಂದ ಹೊರಟ ಕಾರು ಸಕಲೇಶಪುರ ಮುಟ್ಟುವಾಗ 900 ಮೀಟರ್‌ಗೂ ಮೇಲೆ ಏರಿರುತ್ತದೆ. ಸಪಾಟು ಹೆದ್ದಾರಿಯಲ್ಲಿ ಟಾರ್ಕ್ ಕನ್ವರ್ಟರ್‌ನೊಳಗಿನ ಲಾಕ್‌ಅಪ್ ಕ್ಲಚ್ ಬಿಗಿಯಾಗಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸಿಬಿಡುತ್ತದೆ, ಬಿಸಿ ಕಡಿಮೆ. ಗುಂಡ್ಯ ದಾಟಿ ಟ್ಯಾಂಕರಿನ ಹಿಂದೆ ಆಮೆವೇಗದಲ್ಲಿ ಏರುವಾಗ ಆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಎಣ್ಣೆ ಎಣ್ಣೆಯನ್ನೇ ಕಡೆಯುತ್ತದೆ, ವ್ಯರ್ಥವಾದ ಶಕ್ತಿಯೆಲ್ಲ ಬಿಸಿಯಾಗಿ ಎಣ್ಣೆಗೇ ಸೇರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನ ಮೇಲೆ ಪ್ರತಿ 10–11 ಡಿಗ್ರಿ ಏರಿಕೆಗೆ ಎಣ್ಣೆಯ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಹಳೆಯ ಅಂದಾಜು. ಅಂದಾಜಾದರೂ ದಿಕ್ಕು ಸರಿಯಾಗಿದೆ.

ಸೆಕೆಯ ಊರಿಗೆ ಗೇರ್‌ಬಾಕ್ಸಿನ ಎಣ್ಣೆ ಒಗ್ಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ 2013ರ ನವೆಂಬರಿನದು. ಏಳು ಗೇರಿನ, ಒಣ ಕ್ಲಚ್‌ಗಳ ಡಿಎಸ್‌ಜಿಯಲ್ಲಿದ್ದ ಸಿಂಥೆಟಿಕ್ ಎಣ್ಣೆ ಬಿಸಿ–ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಸಂಚಾರದಲ್ಲಿ ವಿದ್ಯುತ್ ದೋಷಕ್ಕೆ ಕಾರಣವಾಗಬಹುದೆಂದು ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸು ಕರೆದು ಮಿನರಲ್ ಎಣ್ಣೆ ತುಂಬಿಸಿತು. ಯುರೋಪಿನ ತಂಪಿನಲ್ಲಿ ಪಾಸಾದ ಎಣ್ಣೆ ಏಷ್ಯಾದ ಸೆಕೆಯಲ್ಲಿ ಫೇಲಾಗಿತ್ತು.

ಮಂಗಳೂರಿಗೆ ಇನ್ನೆರಡು ವಿಶೇಷ ಸಂದರ್ಭಗಳಿವೆ. ಮೊದಲನೆಯದು ಗಲ್ಫ್. ದುಬೈಯಲ್ಲೋ ದಮ್ಮಾಮಿನಲ್ಲೋ ಆಟೊಮ್ಯಾಟಿಕ್ ಓಡಿಸಿ ಅಭ್ಯಾಸವಾದವರು ಊರಿಗೂ ಅಂಥದ್ದನ್ನೇ ಕೊಳ್ಳುತ್ತಾರೆ. ರಜೆ ಮುಗಿದರೆ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿರುತ್ತದೆ. ಮೀಟರ್ ಓಡಿಲ್ಲ, ಹಾಗಾಗಿ ಎಣ್ಣೆ ಹೊಸದೇ ಎನ್ನುವ ಲೆಕ್ಕ ತಪ್ಪು. ಇಂಥ ಕಾರಿಗೆ ಕಿಲೋಮೀಟರಿಗಿಂತ ವರ್ಷದ ಲೆಕ್ಕ ಮುಖ್ಯ. ಎರಡನೆಯದು ಮಳೆ. 2018ರ ಮೇ 29ರಂದು ನಗರವೇ ನೀರಲ್ಲಿ ನಿಂತಿತ್ತು. ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ನೀರು ಏರುವುದು ಹೊಸತಲ್ಲ. ಮುಳುಗಿದ ಗೇರ್‌ಬಾಕ್ಸಿಗೆ ಗಾಳಿಕೊಳವೆಯ ಮೂಲಕ ನೀರು ಹೊಕ್ಕರೆ ಕೆಂಪೆಣ್ಣೆ ಹಾಲು ಬೆರೆಸಿದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟಿಗೆ ಅಂಟಿಸಿದ ಘರ್ಷಣೆಯ ಪದರ ಕಳಚುತ್ತದೆ. ಆಗ ಕಾರನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ ಎಣ್ಣೆ ತೆಗೆಸಬೇಕು.

ಎರಡನೆಯ ಉತ್ತರಕ್ಕೆ, ಅಂದರೆ ಹಳೆಯ ಗಾಡಿಯ ಭಯಕ್ಕೆ ಬುಡವಿಲ್ಲವೆಂದಲ್ಲ. ಎಣ್ಣೆ ಬದಲಿಸಿದ ಮೇಲೆ ಕೆಟ್ಟ ಗೇರ್‌ಬಾಕ್ಸುಗಳನ್ನು ಮೆಕ್ಯಾನಿಕ್‌ಗಳು ಕಂಡಿರುತ್ತಾರೆ. ಆದರೆ ಜನ ಎಣ್ಣೆಯ ನೆನಪು ಮಾಡಿಕೊಳ್ಳುವುದೇ ‘ಡಿ’ಗೆ ಹಾಕಿದ ಮೇಲೆ ಕಾರು ತಡೆದು ಎಳೆಯಲು ಶುರುವಾದಾಗ, ಗೇರು ಝಟಕಾ ಹೊಡೆದಾಗ. ಅಷ್ಟರಲ್ಲಿ ಪ್ಲೇಟು ಸವೆದಾಗಿರುತ್ತದೆ. ಎಣ್ಣೆ ತೆಗೆದು ನೋಡುವುದೇ ಇದಕ್ಕೆ ಪರಿಹಾರ. ಪ್ಯಾನಿನ ಆಯಸ್ಕಾಂತಕ್ಕೆ ನುಣ್ಣಗಿನ ಬೂದು ಲೇಪ ಹತ್ತಿದ್ದರೆ ಅದು ಸಹಜ ಸವೆತ. ಲೋಹದ ಚೂರು ಸಿಕ್ಕಿದರೆ, ಎಣ್ಣೆ ಸುಟ್ಟ ವಾಸನೆ ಹೊಡೆದರೆ, ಹೊಸ ಎಣ್ಣೆಗೆ ಹಣ ಹಾಕುವ ಮೊದಲು ಮಾಲೀಕರಿಗೆ ನಿಜ ಹೇಳಬೇಕು.

ಮೂರನೆಯ ಉತ್ತರವಾದ ಮೆಷಿನ್ ಫ್ಲಶ್ ನೋಡಲು ಆಕರ್ಷಕ. ಕೂಲರಿನ ಕೊಳವೆಗೆ ಜೋಡಿಸಿ, ಗೇರ್‌ಬಾಕ್ಸಿನ ಸ್ವಂತ ಪಂಪಿನ ಒತ್ತಡದಲ್ಲೇ ಹಳತನ್ನು ಹೊರಹಾಕುವ ಯಂತ್ರ ದೊಡ್ಡ ಹಾನಿ ಮಾಡದು. ಹೊರಗಿನ ಒತ್ತಡ ಕೊಡುವ, ಮೊದಲು ಕ್ಲೀನರ್ ರಾಸಾಯನಿಕ ಸುರಿಯುವ ಪದ್ಧತಿಯ ಮಾತು ಬೇರೆ: ತಳದಲ್ಲಿ ಕುಳಿತ ಕೊಳೆಯೆದ್ದು ವಾಲ್ವ್ ಬಾಡಿಯ ಸೂಕ್ಷ್ಮ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಮೇಲಾಗಿ, ಪ್ಯಾನ್ ಬಿಚ್ಚದೆ ಫ್ಲಶ್ ಮಾಡಿದರೆ ಫಿಲ್ಟರ್ ಹಳೆಯದೇ ಉಳಿಯುತ್ತದೆ. ಡ್ರೈನ್ ನಟ್ ಬಿಚ್ಚಿ, ಇಳಿದಷ್ಟೇ ತುಂಬುವ ಸಾದಾ ವಿಧಾನಕ್ಕೂ ಮಿತಿಯಿದೆ. ಅರ್ಧಕ್ಕಿಂತ ಹೆಚ್ಚು ಎಣ್ಣೆ ಟಾರ್ಕ್ ಕನ್ವರ್ಟರ್ ಮತ್ತು ಕೂಲರಿನಲ್ಲೇ ಉಳಿಯುತ್ತದೆ. ಏಳು ಲೀಟರ್ ಹಿಡಿಯುವ ಪೆಟ್ಟಿಗೆಯಿಂದ ಒಮ್ಮೆಗೆ ಮೂರು ಲೀಟರ್ ಇಳಿದರೆ ಶೇ. 43ರಷ್ಟು ಮಾತ್ರ ಹೊಸದು. ನಡುವೆ ಕಾರು ಓಡಿಸಿ ಮತ್ತೆ ಮಾಡಿದರೆ ಶೇ. 67, ಮೂರನೆಯ ಸಲಕ್ಕೆ ಶೇ. 81. ನಿಧಾನವಾದರೂ ಕರಾವಳಿಯ ಕಾರುಗಳಿಗೆ ಇದೇ ಒಳ್ಳೆಯ ದಾರಿ.

ನಿಜವಾದ ಪರೀಕ್ಷೆ ಕೊನೆಯ ಹತ್ತು ನಿಮಿಷದಲ್ಲಿದೆ. ಈಗಿನ ಹೆಚ್ಚಿನ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಎಣ್ಣೆ ನಿಗದಿತ ಉಷ್ಣಾಂಶದಲ್ಲಿರುವಾಗ ತಪಾಸಣೆಯ ರಂಧ್ರದಿಂದ ತೊಟ್ಟಿಕ್ಕುವುದನ್ನು ನೋಡಿ ಮಟ್ಟ ನಿರ್ಧರಿಸಬೇಕು. ಟೊಯೊಟಾದ ಹಲವು ಪೆಟ್ಟಿಗೆಗಳಿಗೆ ಇದು 35ರಿಂದ 45 ಡಿಗ್ರಿ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ ಗ್ಯಾರೇಜಿನ ಗಾಳಿಯೇ 34–35 ಡಿಗ್ರಿಯಲ್ಲಿರುತ್ತದೆ. ಆಗಷ್ಟೇ ರಸ್ತೆಯಿಂದ ಬಂದ ಕಾರಿನ ಎಣ್ಣೆ ಈ ಗಡಿ ದಾಟಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಎಣ್ಣೆ ಹೆಚ್ಚು ಸೋರಿಹೋಗಿ, ಮುಚ್ಚಳ ಬಿಗಿದ ಮೇಲೆ ಒಳಗೆ ಕಡಿಮೆ ಉಳಿಯುತ್ತದೆ. ಹಾಗಾಗಿ ಕಾರನ್ನು ರಾತ್ರಿಯೇ ಬಿಟ್ಟು ಬೆಳಿಗ್ಗೆ ಕೆಲಸ ಮಾಡಿಸುವುದು, ಸ್ಕ್ಯಾನರಿನಲ್ಲಿ ಉಷ್ಣಾಂಶ ನೋಡುವುದು ಅಗತ್ಯ. ಕೈಯಲ್ಲಿ ಮುಟ್ಟಿ ಅಂದಾಜಿಸುವ ಗ್ಯಾರೇಜು ಎಷ್ಟೇ ಒಳ್ಳೆಯ ಎಣ್ಣೆ ಹಾಕಿದರೂ ಕೆಲಸ ಅರ್ಧವೇ.

ಎಣ್ಣೆಯ ಜಾತಿಯೂ ತಪ್ಪಬಾರದು. ಸಿವಿಟಿಗೆ ಅದರದೇ ಎಣ್ಣೆ ಬೇಕು, ಎರಡು ಕ್ಲಚ್‌ನ ಪೆಟ್ಟಿಗೆಗೆ ಬೇರೆಯದು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದ ಎಎಂಟಿಯಂತೂ ಯಂತ್ರವೇ ಕ್ಲಚ್ ಒತ್ತುವ ಸಾದಾ ಮ್ಯಾನುಯಲ್ ಪೆಟ್ಟಿಗೆ. ಅದಕ್ಕೆ ಎಟಿಎಫ್ ಫ್ಲಶ್ ಮಾರುವವರಿಂದ ದೂರ ಇರುವುದು ಒಳ್ಳೆಯದು. ‘ಎಲ್ಲ ಗಾಡಿಗೂ ಆಗುತ್ತದೆ’ ಎಂಬ ಡಬ್ಬಿಯ ಎಣ್ಣೆಯನ್ನು ಕೈಪಿಡಿಯ ಹೆಸರಿನೊಂದಿಗೆ ತಾಳೆ ನೋಡದೆ ಒಪ್ಪಬಾರದು.

ಒಟ್ಟಾರೆ, ಎಣ್ಣೆ ಬದಲಿಸುವ ಪದ್ಧತಿ ಮಂಗಳೂರಿಗೆ ಬೇಕೇ ಬೇಕು. ಅದನ್ನು ಮಾರುವ ರೀತಿ ಬದಲಾಗಬೇಕು. ಕೈಪಿಡಿ ಬೇರೆ ಗಡುವು ಹೇಳದಿದ್ದರೆ ಟಾರ್ಕ್ ಕನ್ವರ್ಟರ್ ಕಾರಿಗೆ 60,000ದಿಂದ 80,000 ಕಿಲೋಮೀಟರ್ ನಡುವೆ ಮೊದಲ ಬದಲಾವಣೆ ಇಲ್ಲಿಗೆ ಸೂಕ್ತ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಬೇಕು. ಬಿಲ್ಲಿನಲ್ಲಿ ಎಣ್ಣೆಯ ಪೂರ್ತಿ ಹೆಸರು, ಎಷ್ಟು ಲೀಟರ್ ಇಳಿಯಿತು, ಎಷ್ಟು ತುಂಬಿತು, ಯಾವ ಉಷ್ಣಾಂಶದಲ್ಲಿ ಮಟ್ಟ ನೋಡಿದರು ಎಂಬುದನ್ನು ಮಾಲೀಕರು ಬರೆಸಿಕೊಳ್ಳಲಿ. ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಲಿ: 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಸೇರಬೇಕಾದದ್ದು ಪರವಾನಗಿಯುಳ್ಳ ಮರುಬಳಕೆ ಘಟಕಕ್ಕೆ, ಫಲ್ಗುಣಿಗೆ ಹರಿಯುವ ತೋಡಿಗಲ್ಲ.