ಕುಂಟ ಬಸವನ ಸಾವು

ಹುಣಸೂರಿನ ನಮ್ಮ ತರಗತಿಯಲ್ಲಿ ಮಾಸ್ತಿಯವರ ‘ಚಿಕವೀರರಾಜೇಂದ್ರ’ವನ್ನು ಓದಿಸಿ ಮುಗಿಸಿದ ದಿನ, ಕಾಕನಕೋಟೆಯ ಕಡೆಯಿಂದ ಬರುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಬಸವ ಅರಸನ ಮಗನಲ್ಲದೆ ಬರೀ ನಾಯಿ ನೋಡಿಕೊಳ್ಳುವವನೇ ಆಗಿದ್ದರೆ, ಅವನು ಸತ್ತದ್ದಕ್ಕೆ ನಮಗೆ ಅಯ್ಯೋ ಅನ್ನಿಸುತ್ತಿತ್ತೆ?” ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಪಾರಾದೆ. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಚರಿತ್ರೆಯ ಬಸವನನ್ನು ಮೊದಲು ನೆನೆಯೋಣ. 1820ರಿಂದ 1834ರವರೆಗೆ ಕೊಡಗನ್ನಾಳಿದ ಕೊನೆಯ ಅರಸನ ಕೃಪೆಯಿಂದ, ಅರಮನೆಯ ನಾಯಿಗಳ ಊಳಿಗದಲ್ಲಿದ್ದ ಈ ಕುಂಟ ದಿವಾನನಾದ. ಅರಸನ ಕ್ರೌರ್ಯಗಳಿಗೆಲ್ಲ ಅವನೇ ಕೈ, ಅವನೇ ಕಣ್ಣು ಎಂದು ಜನ ಹೇಳಿಕೊಂಡರು. 1834ರ ಏಪ್ರಿಲ್ 6ರಂದು ಕರ್ನಲ್ ಫ್ರೇಸರನ ದಂಡು ಮಡಿಕೇರಿಯನ್ನು ಹೊಕ್ಕಿತು. ನಾಲ್ಕುನಾಡಿನ ಅರಮನೆಗೆ ಸರಿದಿದ್ದ ಅರಸ ಬಂದು ಶರಣಾದ. ದಿವಾನ ಬರಲಿಲ್ಲ, ಅವನ ಹೆಣ ಕಾಡಿನ ಮರವೊಂದಕ್ಕೆ ನೇತಾಡುತ್ತಿತ್ತು. ಹೆದರಿ ನೇಣು ಹಾಕಿಕೊಂಡ ಎಂಬುದು ಒಂದು ಮಾತು. ಬದುಕಿದ್ದರೆ ಎಲ್ಲವನ್ನೂ ಬಾಯಿಬಿಟ್ಟಾನೆಂದು ಅರಸನೇ ಮುಗಿಸಿದ ಎಂಬುದು ಇನ್ನೊಂದು. ತಪ್ಪನ್ನೆಲ್ಲ ಹೊರಿಸುವುದಕ್ಕೆ ಸತ್ತ ಮಂತ್ರಿಗಿಂತ ಅನುಕೂಲವಾದ ವಸ್ತು ಬೇರೆ ಯಾವುದಿದೆ?

ಇಂಥದು ನಮ್ಮ ಕಾಡಿಗೇ ಮೀಸಲಲ್ಲ. 1979ರ ಅಕ್ಟೋಬರ್ 30ರಂದು ಫ್ರಾನ್ಸಿನ ಕಾರ್ಮಿಕ ಮಂತ್ರಿ ರೊಬೇರ್ ಬುಲ್ಲಾಂ ರಾಂಬುಯೇ ಅರಣ್ಯದ ಕೊಳವೊಂದರಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಸತ್ತು ಸಿಕ್ಕಿದ. ಆತ್ಮಹತ್ಯೆಯೆಂದು ಸರ್ಕಾರ ಹೇಳಿತು. ಮನೆಯವರು ಒಪ್ಪಲಿಲ್ಲ. ಅವನ ಮಗಳು ದಶಕಗಳ ಕಾಲ ಹಟ ಹಿಡಿದು ಹೋರಾಡಿ, 2015ರಲ್ಲಿ ತನಿಖೆ ಮತ್ತೆ ತೆರೆಯುವಂತೆ ಮಾಡಿದಳು.

ಚರಿತ್ರಕಾರನು ಎರಡು ಮಾತನ್ನೂ ಬರೆದಿಟ್ಟು ಮುಂದೆ ಹೋಗಬಹುದು; ಕಾದಂಬರಿಕಾರನಿಗೆ ಆ ಸವಲತ್ತಿಲ್ಲ. 1956ರ ತಮ್ಮ ಕಾದಂಬರಿಯಲ್ಲಿ ಮಾಸ್ತಿಯವರು ನೇಣನ್ನು ಬಿಟ್ಟು, ಬಸವನನ್ನು ಅರಸನ ಕೈಯಿಂದಲೇ ಸಾಯಿಸಿದ್ದಾರೆ. ಅಷ್ಟೇ ಅಲ್ಲ, ಅವನನ್ನು ಭಗವತಿಯ ಹೊಟ್ಟೆಯಲ್ಲಿ ಹುಟ್ಟಿದ ಲಿಂಗರಾಜನ ಮಗನನ್ನಾಗಿ ಮಾಡಿದ್ದಾರೆ. ಅಂದರೆ ಅರಸ ಕೊಂದದ್ದು ಒಡಹುಟ್ಟನ್ನೇ. ದುರಂತದ ಕಟ್ಟಡಕ್ಕೆ ಇದು ಗಟ್ಟಿಯಾದ ಕಲ್ಲು, ಸಂದೇಹವಿಲ್ಲ. ತಾಯಿಗೆ ಮಗನಿದ್ದಾನೆ, ಮಗನಿಗೆ ತಾಯಿಯ ಸುಳಿವಿಲ್ಲ ಎಂಬ ಸ್ಥಿತಿಯನ್ನು ಅವರು ಬೆಳೆಸಿಕೊಂಡು ಹೋಗುವ ತಾಳ್ಮೆ ಕನ್ನಡದಲ್ಲಿ ಅಪರೂಪ. ಬೋಪಣ್ಣ, ಲಕ್ಷ್ಮೀನಾರಾಯಣರಂಥ ಸಜ್ಜನ ಮಂತ್ರಿಗಳ ಇಕ್ಕಟ್ಟನ್ನಂತೂ, ಸ್ವತಃ ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದು, ತಮಗಿಂತ ಕಿರಿಯರನ್ನು ಮೇಲಕ್ಕೇರಿಸಿದಾಗ 1943ರಲ್ಲಿ ಕೆಲಸ ಬಿಟ್ಟು ಬಂದ ಒಬ್ಬರೇ ಹೀಗೆ ಬರೆಯಬಲ್ಲರು.

ಆದರೆ ಹುಡುಗನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಾಯಿ ನೋಡಿಕೊಳ್ಳುತ್ತಿದ್ದ ಒಬ್ಬ ಕುಂಟ, ತನ್ನ ಒಡೆಯನ ಪಾಪಗಳನ್ನೆಲ್ಲ ಹೊತ್ತು, ಆ ಒಡೆಯನಿಂದಲೇ ಕೈಬಿಡಲ್ಪಟ್ಟು ಕಾಡಿನಲ್ಲಿ ಸತ್ತ ಎಂಬುದು ಸಾಲದೆ? ಅವನಿಗೆ ರಾಜರಕ್ತವನ್ನು ಕೊಟ್ಟ ಕೂಡಲೇ ನಮ್ಮ ಮರುಕಕ್ಕೆ ಒಂದು ಮರ್ಯಾದಸ್ತ ಕಾರಣ ಸಿಕ್ಕಿಬಿಡುತ್ತದೆ. ಅರಸನ ಮೇಲಿರಬೇಕಾದ ದೃಷ್ಟಿ ವಿಧಿಯ ಮೇಲೆ ಬೀಳುತ್ತದೆ. ಕೊಲೆ ಒಂದು ಮನೆತನದ ದುಃಖವಾಗುತ್ತದೆ, ರಾಜಕಾರಣವಾಗಿ ಉಳಿಯುವುದಿಲ್ಲ. ನನಗೆ ಇದು ಕಾದಂಬರಿಯ ಕೊರತೆಯೆಂದೇ ತೋರುತ್ತದೆ. ಜ್ಞಾನಪೀಠ ಬಂದ ಕೃತಿಯಲ್ಲಿ ಕೊರತೆ ಹುಡುಕುವುದು ಉದ್ಧಟತನವೆನ್ನುವವರು ಎನ್ನಲಿ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಮಾಸ್ತಿಯವರಿಂದಲೇ. 1938ರ ಅವರ ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರ ಮುಖಂಡ ಕಾಚನಿದ್ದಾನೆ. 1977ರಲ್ಲಿ ಸಿ. ಆರ್. ಸಿಂಹ ತೆಗೆದ ಚಿತ್ರದಲ್ಲಿ ಲೋಕೇಶರು ಆ ಪಾತ್ರ ವಹಿಸಿದ್ದನ್ನು ಓದುಗರು ನೆನೆಯಬಹುದು. ರಣಧೀರ ಕಂಠೀರವನ ಎದುರು ನಿಂತಾಗಲೂ ಕಾಚನಿಗೆ ಗುಟ್ಟಿನ ವಂಶಾವಳಿ ಬೇಕಾಗುವುದಿಲ್ಲ. ಕಾಡಿನವನಾಗಿಯೇ ಅವನು ದೊಡ್ಡವನು. ಈ ಕಾಡು ನಾಗರಹೊಳೆಯ ಮೂಲಕ ಕೊಡಗಿಗೇ ಸೇರಿದೆ. ಕಾಚನಿಗೆ ದೊರೆತದ್ದು ಅದರ ಇನ್ನೊಂದು ಅಂಚಿನ ಬಸವನಿಗೆ ಹದಿನೆಂಟು ವರ್ಷಗಳ ಮೇಲೆ ಯಾಕೆ ದೊರೆಯಲಿಲ್ಲ?

ಅರಸ ಕಾಶಿಗೆ ಹೋದ. 1852ರಲ್ಲಿ ಮಗಳೊಡನೆ ಲಂಡನ್ನಿಗೆ ಹೋಗಿ, ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ದಾವೆ ಹೂಡಿದ. ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ದೀಕ್ಷಾಸ್ನಾನ ನಡೆಯಿತು. ಅರಸನಿಗೆ ವಕೀಲರಿದ್ದರು, ಫ್ರಾನ್ಸಿನ ಮಂತ್ರಿಗೆ ಮಗಳಿದ್ದಳು. ಬಸವನ ಪರವಾಗಿ ಕೇಳಿದವನು, ನನಗೆ ತಿಳಿದಮಟ್ಟಿಗೆ, ಕೊನೆಯ ಬೆಂಚಿನ ಆ ಹುಡುಗನೊಬ್ಬನೇ.