ಬಗ್ಗಿದ ಕಮಾನು ಹೇಳುವ ಮಾತು

ಈರುಳ್ಳಿ ಕೀಳುವ ದಿನಗಳಲ್ಲಿ ಜೋಗಿಮಟ್ಟಿಯ ಗಾಳಿಕಂಬಗಳನ್ನು ಬೆನ್ನಿಗೆ ಬಿಟ್ಟು ಹಿರಿಯೂರಿನತ್ತ ಹೆದ್ದಾರಿ 48ರಲ್ಲಿ ಹೊರಟ ಪಿಕಪ್‌ಗಳನ್ನು ನೋಡಿ. ಕೆಲವು ಹಿಂದೆ ಕುಸಿದು, ಮೂತಿ ಎತ್ತಿಕೊಂಡು ಸಾಗುತ್ತವೆ. ಇನ್ನು ಕೆಲವು ಅಷ್ಟೇ ಚೀಲ ಹೊತ್ತೂ ನೆಟ್ಟಗಿರುತ್ತವೆ. ಅವುಗಳ ಕಮಾನಿಗೆ (ಲೀಫ್ ಸ್ಪ್ರಿಂಗಿಗೆ) ಒಂದೆರಡು ಪಟ್ಟಿ ಹೆಚ್ಚಿಗೆ ಬಿದ್ದಿರುತ್ತದೆ. ಹೊಸದುರ್ಗದ ತೆಂಗಿನಕಾಯಿ ಗಾಡಿಗೂ ಹೊಳಲ್ಕೆರೆಯ ಅಡಿಕೆ ಗಾಡಿಗೂ ಮೊದಲು ಸಿಗುವ ಸಲಹೆ ಒಂದೇ: ‘ಪಟ್ಟಿ ಹಾಕ್ಸು.’ ಈ ಮದ್ದನ್ನು ಒಮ್ಮೆ ತೂಗಿ ನೋಡಬೇಕು. ಅದರ ಫಲ ಗಾಡಿಯವನಿಗಷ್ಟೇ ತಟ್ಟುವುದಿಲ್ಲ, ಎದುರಿಗೆ ಬರುವವರಿಗೂ ತಟ್ಟುತ್ತದೆ.

ಮೊದಲು ಅದರ ಗುಣ. ವರ್ಷಗಟ್ಟಲೆ ಬಗ್ಗಿ ಏಳುವ ಉಕ್ಕಿನ ಪಟ್ಟಿ ತನ್ನ ಬಾಗು ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಒಳಗೇ ಬಿರುಕು ಬಿಡುತ್ತದೆ. ಒಳ್ಳೆಯ ಕಮಾನು ಮೇಸ್ತ್ರಿ ಯು ಬೋಲ್ಟ್ ಬಿಚ್ಚಿ ಪಟ್ಟಿಗಳನ್ನು ಒಂದೊಂದಾಗಿ ನೋಡುತ್ತಾನೆ. ಸೋತದ್ದನ್ನು ತೆಗೆದು ಅದೇ ಅಳತೆಯದನ್ನು ಕೂರಿಸುತ್ತಾನೆ, ಸವೆದ ಬುಶ್ ಮತ್ತು ಸೆಂಟರ್ ಬೋಲ್ಟ್ ಬದಲಿಸುತ್ತಾನೆ. ಗಾಡಿ ಮತ್ತೆ ಹೊಸದರಂತೆ ನಿಲ್ಲುತ್ತದೆ. ಇದು ನಿಜವಾದ ದುರಸ್ತಿ, ಗೌರವಕ್ಕೆ ತಕ್ಕ ಕಸುಬು.

ಆದರೆ ಖಾಲಿ ಇದ್ದಾಗ ಸರಿಯಾಗಿ ನಿಂತು, ಹೇರಿದಾಗ ಮಾತ್ರ ಕೂರುವ ಗಾಡಿಯ ಕಾಯಿಲೆ ಕಮಾನಿನದಲ್ಲ, ಭಾರದ್ದು. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್‌ವರೆಗೆ ಎರಡೂ ಕಡೆ ಅಳೆದರೆ ಈ ಭೇದ ಗೊತ್ತಾಗುತ್ತದೆ. 1.7 ಟನ್ನಿನ ಪಿಕಪ್ಪಿಗೆ 50 ಕೆಜಿಯ 34 ಚೀಲ ಹೇರಿದರೆ ಮಿತಿ ಮುಗಿಯಿತು. ಪಟ್ಟಿ ಹಾಕಿಸಿದ ಮಾತ್ರಕ್ಕೆ 35ನೆಯ ಚೀಲಕ್ಕೆ ಜಾಗವಾಗದು. ಟೈರು, ಬೇರಿಂಗು, ಚಾಸಿ, ಬ್ರೇಕು ಇವುಗಳ ತಾಕತ್ತು ಮೊದಲಿನಷ್ಟೇ ಇರುತ್ತದೆ.

ಬ್ರೇಕಿನ ವಿಷಯವಂತೂ ಇನ್ನೂ ಗಂಭೀರ. ಹಲವು ಪಿಕಪ್‌ಗಳಲ್ಲಿ ಹಿಂಬದಿ ಎಷ್ಟು ಕುಸಿದಿದೆ ಎಂಬುದನ್ನು ಒಂದು ಕಡ್ಡಿಯ ಮೂಲಕ ಅರಿಯುವ ವಾಲ್ವ್ ಇರುತ್ತದೆ. ಗಾಡಿ ಕುಸಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಬಿಗಿ ಪಟ್ಟಿ ಹಾಕಿ ಕುಸಿತ ತಡೆದರೆ, ವಾಲ್ವ್ ಗಾಡಿ ಖಾಲಿ ಇದೆಯೆಂದೇ ತಿಳಿಯುತ್ತದೆ. ಮೈತುಂಬ ಭಾರ, ಹಿಂದೆ ಅರೆಬ್ರೇಕು! ಪಟ್ಟಿ ಸೇರಿಸಿದ ಮೇಲೆ ಈ ವಾಲ್ವನ್ನು ಮತ್ತೆ ಹೊಂದಿಸದೆ ಗಾಡಿ ಬಿಟ್ಟುಕೊಡುವುದು ದೊಡ್ಡ ತಪ್ಪು.

ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಗಾಡಿಗಳಲ್ಲಿ ಈ ಮದ್ದು ಇನ್ನೂ ಸೋಲುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇದೆಯೆನ್ನಿ, ಕೊಕ್ಕೆ ಹಿಂದಿನ ಚಕ್ರದಿಂದ 1 ಮೀಟರ್ ಆಚೆಗಿದೆಯೆನ್ನಿ. ಆ ಕೊಕ್ಕೆಯ ಮೇಲೆ 100 ಕೆಜಿ ಕೂತರೆ ಹಿಂದಿನ ಚಕ್ರಗಳಿಗೆ 133 ಕೆಜಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 33 ಕೆಜಿ ಏಳುತ್ತದೆ. ಸ್ಟೇರಿಂಗ್ ಹಗುರಾಗುವುದು ಇದರಿಂದಲೇ. ಪಟ್ಟಿ ಸೇರಿಸಿದರೆ ಹಿಂಬದಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಬಡಿಯುವುದೂ ತಪ್ಪುತ್ತದೆ. ಆದರೆ ಹೋದ 33 ಕೆಜಿ ಮುಂದಕ್ಕೆ ಮರಳುವುದಿಲ್ಲ.

ಈ ಲೆಕ್ಕ ನಮ್ಮ ರೈತರಿಗೆ ಹೊಸದಲ್ಲ. ಎತ್ತಿನ ಗಾಡಿಯಲ್ಲಿ ಭಾರ ಮುಂದಾದರೆ ನೊಗ ಹೆಗಲನ್ನು ಒತ್ತುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಅಚ್ಚಿನ ಮೇಲೆ ತೂಕ ಕೂರುವಂತೆ ಹೇರಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಎತ್ತು ಹೂಡುತ್ತಿದ್ದರು. ಮಿಕ್ಸರಿನ ಮೇಲೆ ಸಲಿಕೆ, ಬಾಂಡ್ಲಿ, ಹಲಗೆ ಪೇರಿಸುವಾಗಲೂ ಅದೇ ಜಾಣ್ಮೆ ಬೇಕು. ಕೊಕ್ಕೆಯ ಮೇಲೆ ಭಾರ ಹೆಚ್ಚಾದರೆ ಗಾಡಿ ಕೂರುತ್ತದೆ, ತೀರ ಕಡಿಮೆಯಾದರೆ ಮಿಕ್ಸರು ಓಲಾಡಿ ಗಾಡಿಯನ್ನೇ ಎಳೆದಾಡುತ್ತದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಮೊದಲು ವೇಬ್ರಿಡ್ಜ್‌ಗೆ ಹೋಗಿ, ಭಾರ ಮಿತಿಯೊಳಗಿದೆಯೇ ನೋಡಿ. ಆಮೇಲೆ ಹೇರಿದ್ದನ್ನು ಸರಿಸಿ ನೋಡಿ. ಕಮಾನು ಸೋತಿದ್ದರೆ ಅದೇ ಅಳತೆಯ ಪಟ್ಟಿ ಹಾಕಿಸಿ. ಇಷ್ಟಾದ ಮೇಲೂ ಬೇಕೆನಿಸಿದರೆ, ಹೇರಿದಾಗ ಮಾತ್ರ ತಾಗುವ ಹೆಲ್ಪರ್ ಕಮಾನು ಉತ್ತಮ, ಖಾಲಿ ಗಾಡಿ ಕುಪ್ಪಳಿಸುವುದಿಲ್ಲ. ಆದರೆ ಅದೂ ಮಿತಿಯನ್ನು ಹೆಚ್ಚಿಸದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ಹೇಳುತ್ತದೆ.

ಬಾಡಿಗೆಯ ಎರಡು ಸುತ್ತನ್ನು ಒಂದೇ ಸುತ್ತಿನಲ್ಲಿ ಮುಗಿಸುವ ಒತ್ತಡ ಎಷ್ಟೆಂದು ನನಗೆ ಗೊತ್ತು. ಆದರೂ, ಬಗ್ಗಿದ ಕಮಾನು ‘ಸಾಕು’ ಎನ್ನುತ್ತಿರುತ್ತದೆ. ಪಟ್ಟಿ ಕೇಳಿ ಬಂದವನಿಗೆ ‘ಏನು ಹೇರ್ತೀಯಪ್ಪ, ಎಲ್ಲಿ ಹೇರ್ತೀಯ?’ ಎಂದು ಮೊದಲು ಕೇಳುವ ಮೇಸ್ತ್ರಿಯ ಕೈಗೆ ಗಾಡಿ ಕೊಡಿ.