ಪಹಣಿಯಲ್ಲಿಲ್ಲದವರ ನೆಲ: ‘ದಿ ಪೈಪ್’ ಸಾಕ್ಷ್ಯಚಿತ್ರ ಮತ್ತು ಮಧುಗಿರಿ ಸೀಮೆ

ಸ್ಥಳಾಂತರವೆಂದರೆ ಜನರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುವುದು ಎಂಬುದೇ ಸಾಮಾನ್ಯ ಗ್ರಹಿಕೆ. ಲಿಂಗನಮಕ್ಕಿಯ ಮುಳುಗಡೆಯನ್ನು ಕುರಿತ ನಾ. ಡಿಸೋಜರ ಕಾದಂಬರಿಗಳೂ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಲನಚಿತ್ರವೂ ಕನ್ನಡದ ಮನಸ್ಸಿನಲ್ಲಿ ಈ ಚಿತ್ರವನ್ನೇ ಊರಿಸಿವೆ. ಆದರೆ ಮನೆ, ಗುಡಿ, ಊರು ಎಲ್ಲವೂ ಇದ್ದಲ್ಲಿಯೇ ಇದ್ದು, ನೆಲದೊಡನೆ ಮನುಷ್ಯನಿಗಿದ್ದ ಸಂಬಂಧವೊಂದೇ ಕಡಿದುಹೋಗುವ ಬಗೆಯೊಂದಿದೆ. ನೀರು ತುಂಬಿದ ಅಣೆಕಟ್ಟೆಯಂತೆ ಅದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ದಾಖಲಿಸುವುದು ಹೇಗೆ ಎಂಬ ಪ್ರಶ್ನೆಗೆ ಐರ್ಲೆಂಡಿನ ನಿರ್ದೇಶಕ ರಿಸ್ಟಾರ್ಡ್ ಓ ಡೋನಿಲ್ ಅವರ ‘ದಿ ಪೈಪ್’ (2010) ಸಾಕ್ಷ್ಯಚಿತ್ರವು ಒಂದು ಉತ್ತರವನ್ನು ಕೊಡುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜಾನಪದವನ್ನು ಅಭ್ಯಾಸ ಮಾಡುವವರಿಗೆ ಆ ಉತ್ತರ ದೂರದ್ದಲ್ಲ.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೋ ಪ್ರಾಂತದ ರಾಸ್‌ಪೋರ್ಟ್ ಎಂಬ ಹಳ್ಳಿ ಈ ಚಿತ್ರದ ಭೂಮಿಕೆ. ಕಡಲಾಳದ ಅನಿಲವನ್ನು ಶೆಲ್ ಕಂಪನಿಯು ಕೊಳವೆಯ ಮೂಲಕ ಮನೆಗಳ ಸಮೀಪದಲ್ಲೇ ಹಾಯಿಸಲು ಮುಂದಾದಾಗ ರೈತರೂ ಮೀನುಗಾರರೂ ತಡೆದರು. ನ್ಯಾಯಾಲಯದ ಆದೇಶವನ್ನು ಮೀರಿದರೆಂದು 2005ರಲ್ಲಿ ಐವರು 94 ದಿನ ಸೆರೆಮನೆಯಲ್ಲಿದ್ದರು. ಅವರಲ್ಲೊಬ್ಬರಾದ ರೈತ ವಿಲ್ಲಿ ಕಾರ್ಡಫ್, ಮೀನುಗಾರ ಪ್ಯಾಟ್ ಓ'ಡಾನೆಲ್ ಮೊದಲಾದವರನ್ನು ಚಿತ್ರವು ಹಲವು ವರ್ಷಗಳ ಕಾಲ ಹಿಂಬಾಲಿಸುತ್ತದೆ. ಚಿತ್ರದ ನಿಜವಾದ ಬಲವಿರುವುದು ಪೊಲೀಸರೊಡನೆ ನಡೆಯುವ ತಳ್ಳಾಟದಲ್ಲಲ್ಲ, ಊರಿನವರ ಸಭೆಗಳಲ್ಲಿ. ಒಟ್ಟಾಗಿದ್ದವರು ಹೋರಾಟದ ದಾರಿಯ ವಿಷಯದಲ್ಲಿ ಒಡೆಯುತ್ತಾರೆ, ನೆರೆಹೊರೆಯವರು ಮಾತು ಬಿಡುತ್ತಾರೆ. ಹೋರಾಟವನ್ನು ಮೆಚ್ಚಿದ ನಿರ್ದೇಶಕನೊಬ್ಬ ಈ ಬಿರುಕುಗಳನ್ನು ಕತ್ತರಿಸಿ ಎಸೆಯಬಹುದಿತ್ತು. ಓ ಡೋನಿಲ್ ಹಾಗೆ ಮಾಡಿಲ್ಲ. ಯಾರೂ ಊರು ಬಿಡಲಿಲ್ಲ. ಆದರೂ ಊರು ಮೊದಲಿನಂತೆ ಉಳಿಯಲಿಲ್ಲ. 2015ರ ಕೊನೆಗೆ ಅನಿಲ ಹರಿಯತೊಡಗಿತು.

ಕೊರತೆಯೂ ಇದೆ. ಮೇಯೋ ಸಾಮಾನ್ಯ ಪ್ರಾಂತವಲ್ಲ. ಆಂಗ್ಲ ಜಮೀನ್ದಾರಿಯ ವಿರುದ್ಧ 1879ರಲ್ಲಿ ಐರಿಶ್ ರೈತರ ಭೂಸಂಘ ಕಟ್ಟಲ್ಪಟ್ಟದ್ದು ಅಲ್ಲಿಯೇ. ಗೇಣಿದಾರರ ಮೇಲೆ ದರ್ಪ ನಡೆಸಿದ ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರಿ ಏಜೆಂಟನನ್ನು 1880ರಲ್ಲಿ ಊರವರು ಹೊರಗಿಟ್ಟಾಗ ಅವನ ಹೆಸರೇ ‘ಬಹಿಷ್ಕಾರ’ದ ಪರ್ಯಾಯವಾಗಿ ಲೋಕವನ್ನೆಲ್ಲ ಸುತ್ತಿತು. (ಕನ್ನಡದ ಹಳ್ಳಿಯ ಚಳವಳಿಗಾರನೂ ‘ಬಾಯ್ಕಾಟ್’ ಎನ್ನುವಾಗ ಮೇಯೋವಿನ ಮಾತನ್ನೇ ಆಡುತ್ತಾನೆ.) ಈ ದೀರ್ಘ ಚರಿತ್ರೆಗೆ ಚಿತ್ರ ಕೈಹಾಕುವುದಿಲ್ಲ. ನೆಲದ ಮೇಲೆ ಯಾರಿಗೆ ಹಕ್ಕು ಎಂಬುದನ್ನು ಬರೆದಿಟ್ಟ ವಸಾಹತುಶಾಹಿಯ ಕೈಬರಹ ಈಗಿನ ಕಡತಗಳಲ್ಲಿ ಹೇಗೆ ಮುಂದುವರಿಯುತ್ತದೆ ಎಂಬುದನ್ನು ನೋಡುಗನೇ ಊಹಿಸಿಕೊಳ್ಳಬೇಕು.

ಮೈಸೂರು ಸೀಮೆಯಲ್ಲಿ ಆ ಕೈಬರಹ ಸ್ಪಷ್ಟವಾಗಿದೆ. ಕಮಿಷನರರ ಆಡಳಿತದಲ್ಲಿ, 1863ರಿಂದ ಬೊಂಬಾಯಿ ಮಾದರಿಯ ಭೂಮಾಪನ ಆರಂಭವಾಯಿತು. ಕಂದಾಯ ಕೊಡದ ನೆಲವು ‘ಖರಾಬು’, ‘ಬಂಜರು’ ಎನಿಸಿಕೊಂಡಿತು. ದನಕರುಗಳಿಗೆ ಮೇವಾಗಿದ್ದ ಹುಲ್ಲುಗಾವಲನ್ನು ಅಳತೆಯ ಸರಪಳಿ ಏನೂ ಇಲ್ಲದ ಬಯಲೆಂದು ಕಂಡಿತು. 1894ರ ಭೂಸ್ವಾಧೀನ ಕಾಯಿದೆಗೆ ಹಕ್ಕುಪತ್ರವುಳ್ಳವನು ಮಾತ್ರ ಕಾಣಿಸುತ್ತಿದ್ದ. ಅದನ್ನು ರದ್ದುಗೊಳಿಸಿದ 2013ರ ಕಾಯಿದೆಯು ಆ ನೆಲವನ್ನು ನಂಬಿ ಬದುಕುವ ಕೃಷಿ ಕಾರ್ಮಿಕನನ್ನೂ ಬಾಧಿತ ಕುಟುಂಬವೆಂದು ಎಣಿಸಿತು.

ಪಾವಗಡದ ಸೌರ ಉದ್ಯಾನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳು ಎದ್ದಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಭೂಸ್ವಾಧೀನವಾಗಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗಿ, ಕಾಲಕಾಲಕ್ಕೆ ಏರುವ ಗುತ್ತಿಗೆಗೆ ರೈತರೇ ನೆಲ ಕೊಟ್ಟರು. ಬರದ ಸೀಮೆಯಲ್ಲಿ ಶೇಂಗಾ ಬಿತ್ತಿ ಮೇಲಿಂದಮೇಲೆ ಸೋತ ಹಿಡುವಳಿದಾರನಿಗೆ ಇದು ದೊಡ್ಡ ಆಸರೆಯೇ ಸರಿ. ಅದನ್ನು ಕಡೆಗಣಿಸುವ ಟೀಕೆ ಪ್ರಾಮಾಣಿಕವಲ್ಲ. ಆದರೆ ಸ್ವಾಧೀನವೇ ಇಲ್ಲವಾದ್ದರಿಂದ ಬಾಧಿತ ಕುಟುಂಬವೂ ಇಲ್ಲ! ಕಳೆ ಕೀಳುತ್ತಿದ್ದ ಕೂಲಿ ಹೆಂಗಸು, ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ ಕುರಿಗಾಹಿ ಪಹಣಿಯಲ್ಲೂ ಇಲ್ಲ, ಗುತ್ತಿಗೆಪತ್ರದಲ್ಲೂ ಇಲ್ಲ. ಬೇಲಿ ಎದ್ದ ಮೇಲೆ ಕುರಿ ಮಾರಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂದಿತು, ಮರೆಯಾಯಿತು. ಯಾರನ್ನೂ ಒಕ್ಕಲೆಬ್ಬಿಸದೆಯೇ ಒಕ್ಕಲುತನ ಎದ್ದುಹೋದ ಪ್ರಸಂಗವಿದು.

ಕಡತ ಕಾಣದ ಈ ಸಂಬಂಧ ಕಾವ್ಯದಲ್ಲಿ ಕಾಣುತ್ತದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ನೆಲೆಗೊಂಡಿರುವ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನವನ್ನು, ನೀಳವಾದ ಬಿದಿರಿನ ಗಣೆಯ ನಾದದೊಡನೆ ಹಾಡುತ್ತಾರೆ. ಮೇವು ನೀರುಗಳನ್ನರಸಿ ದನಗಳೊಡನೆ ಅಲೆಯುವವನ ಕಥೆಯದು; ಬಡಮೈಲನೆಂಬ ಹೋರಿ ಅಲ್ಲಿ ನಾಯಕನಷ್ಟೇ ಮುಖ್ಯ. ಸೋದರಮಾವಂದಿರು ವಿಷವಿಕ್ಕುವ ದುರಂತದ ಸುತ್ತಲೇ ವಿದ್ವಾಂಸರ ಗಮನ ಹೆಚ್ಚಾಗಿ ಸುತ್ತಿದೆ. ಅದಕ್ಕಿಂತಲೂ ಹೆಚ್ಚು ಗಮನಿಸಬೇಕಾದುದು, ಹಿಡುವಳಿಯೇ ಇಲ್ಲದ ಒಡೆತನವೊಂದನ್ನು ಈ ಕಥನ ಹೇಳುವುದು. ಈ ನೆಲ ಯಾರದೆಂದರೆ ಅಲ್ಲಿ ಮೇಯಿಸಿದವರದು, ಅಲ್ಲಿಯ ನೀರು ಕುಡಿದ ದನದ್ದು.

ಕನ್ನಡ ಜಾನಪದ ಸಂಗ್ರಹವು ಪಠ್ಯವನ್ನು ಉಳಿಸಿಕೊಂಡಿತು, ದಾರಿಯನ್ನು ಕೈಬಿಟ್ಟಿತು. ಹಾಡಿನ ಪಾಠಾಂತರಗಳನ್ನು ಶ್ರದ್ಧೆಯಿಂದ ಗುರುತಿಸಿದ ಅದೇ ಸಂಪಾದನಾ ಪದ್ಧತಿ, ಹಾಡುವವರ ಹಟ್ಟಿಯ ಸುತ್ತಣ ಗೋಮಾಳ ಎಷ್ಟು ಉಳಿದಿದೆ ಎಂದು ಕೇಳುವುದು ಅಪರೂಪ. ಇದಕ್ಕೆ ಐರ್ಲೆಂಡಿನಲ್ಲೇ ಒಂದು ಹೋಲಿಕೆಯಿದೆ. ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಅಲ್ಲಿನ ದ್ವೀಪವೊಂದರಲ್ಲಿ ತೆಗೆದ ‘ಮ್ಯಾನ್ ಆಫ್ ಅರಾನ್’ (1934) ಚಿತ್ರದಲ್ಲಿ, ದಶಕಗಳ ಹಿಂದೆಯೇ ನಿಂತುಹೋಗಿದ್ದ ಶಾರ್ಕ್ ಬೇಟೆಯನ್ನು ದ್ವೀಪದವರಿಗೆ ಹೊಸದಾಗಿ ಕಲಿಸಿ ಆಡಿಸಲಾಯಿತು. ಪರಸ್ಪರ ಸಂಬಂಧವಿಲ್ಲದವರನ್ನು ಒಂದು ಕುಟುಂಬವೆಂದು ತೋರಿಸಲಾಯಿತು. ಮನುಷ್ಯ ಮತ್ತು ಕಡಲಿನ ಸನಾತನ ಸೆಣಸಾಟದಲ್ಲಿ ಜಮೀನ್ದಾರನಿಗೆ ಜಾಗವಿರಲಿಲ್ಲ. ‘ಪ್ರಕೃತಿಯ ಮಡಿಲಿನ ಮುಗ್ಧ ಬುಡಕಟ್ಟು’ ಎಂದು ಬರೆಯುವ ಕನ್ನಡದ ಲೇಖನಿ ಇದಕ್ಕಿಂತ ಬಹಳ ದೂರವೇನೂ ಇಲ್ಲ. ‘ದಿ ಪೈಪ್’ನ ಜನರಾದರೋ ನಕ್ಷೆ ಬಿಡಿಸುತ್ತಾರೆ, ಕಾನೂನು ಓದುತ್ತಾರೆ, ಪರಸ್ಪರ ಬೈದಾಡುತ್ತಾರೆ.

ಮಧುಗಿರಿಯ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. ‘ಬಂಜರು’ ಎಂಬ ಹಣೆಪಟ್ಟಿ ಅಲ್ಲಿ ಜಿಂಕೆಯ ಪುಣ್ಯದಿಂದ ಕಳಚಿತು; ಕುರಿಯಿಂದ ಆಗಿರಲಿಲ್ಲ. ಕೊರಟಗೆರೆಯಲ್ಲಿ ಪ್ರಶ್ನೆ ಬೇರೆ. ಎತ್ತಿನಹೊಳೆ ಯೋಜನೆಗಾಗಿ ಭೈರಗೊಂಡ್ಲುವಿನಲ್ಲಿ ಪ್ರಸ್ತಾಪಿಸಲಾದ ಜಲಾಶಯವು ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ, ಎರಡೂ ತಾಲ್ಲೂಕುಗಳ ನೆಲವನ್ನು ಮುಳುಗಿಸುವಂಥದು. ಗಡಿಯ ಆಚೆಗೊಂದು, ಈಚೆಗೊಂದು ಪರಿಹಾರ ದರವೇಕೆ ಎಂದು ರೈತರು ತಕರಾರು ತೆಗೆದರು. ಆ ತಕರಾರಿನ ಸುದ್ದಿಯೆಲ್ಲ ಎಕರೆಯ ಬೆಲೆಯನ್ನು ಕುರಿತದ್ದು. ಎಕರೆಯಿಲ್ಲದವರ ತಕರಾರು ಏನಿತ್ತೆಂಬುದನ್ನು ಬರೆದುಕೊಳ್ಳಲು ಹಳ್ಳಿಗಳ ಸಭೆಗಳಲ್ಲಿ ವರ್ಷಗಟ್ಟಲೆ ಕುಳಿತುಕೊಳ್ಳುವ ಒಂದು ಕ್ಯಾಮರಾ ಬೇಕು, ಇಲ್ಲವೇ ಒಂದು ಕ್ಷೇತ್ರಕಾರ್ಯದ ಪುಸ್ತಕ.